ಅವ್ವ ನೋಡಿದ ಹೊಡೆದಾಟ

ಅವ್ವನ ಕಣ್ಣಿನ ಪೊರೆ ತೆಗೆಸಿದಾಗ ಡಾಕ್ಟರು ಹೇಳಿ ಕಳಿಸಿದ್ದು ಇಷ್ಟೇ: ಕಣ್ಣಿಗೆ ನೀರು ಸೋಕಿಸಬಾರದು, ಭಾರ ಎತ್ತಬಾರದು, ಬಗ್ಗಿ ಕೆಲಸ ಮಾಡಬಾರದು. ಮೊದಲಿನ ಎರಡಕ್ಕೆ ಅವ್ವ ತಲೆಯಾಡಿಸಿದಳು. ಮೂರನೆಯದಕ್ಕೆ ಮಾತ್ರ ತಕರಾರು ತೆಗೆದಳು.

“ಹೊಲಿಗಿ ಕುಂತ ಮಾಡೂ ಕೆಲಸರಿ. ಅದರಾಗ ಬಗ್ಗೂದು ಎಲ್ಲಿ ಬಂತು?”

“ಸೂಜಿಗೆ ದಾರ ಹೆಂಗ ಪೋಣಸ್ತೀರಿ, ಒಮ್ಮಿ ತೋರಸ್ರಿ,” ಎಂದರು ಡಾಕ್ಟರು.

ಅವ್ವ ಎಡಗೈಯಲ್ಲಿ ಇಲ್ಲದ ಸೂಜಿ, ಬಲಗೈಯಲ್ಲಿ ಇಲ್ಲದ ದಾರ ಹಿಡಿದು, ತಲೆ ತಗ್ಗಿಸಿ ಎರಡನ್ನೂ ಮೂಗಿನ ಹತ್ತಿರ ತಂದಳು. ತಾನೇ ಸಿಕ್ಕಿಬಿದ್ದದ್ದು ಗೊತ್ತಾಗಿ ನಕ್ಕುಬಿಟ್ಟಳು. ನಮ್ಮೂರು ತಿಕೋಟಾಕ್ಕೆ ಬಂದ ಕೂಡಲೇ ನನ್ನ ಹೆಂಡತಿ ಹೊಲಿಗೆ ಮಷಿನ್ನಿನ ಮೇಲೆ ಚಾದರ ಹೊದಿಸಿ, ಅದರ ಮೇಲೆ ಎರಡು ಸ್ಟೀಲಿನ ಡಬ್ಬಿ ಇಟ್ಟಳು. ಭಾರ ಎತ್ತಬಾರದೆಂಬ ಮಾತು ಹಾಗೆ ಉಪಯೋಗಕ್ಕೆ ಬಂತು.

ನಲವತ್ತು ವರ್ಷಕ್ಕೂ ಮೇಲೆ ಆ ಮಷಿನ್ನಿನ ಮುಂದೆ ಕೂತವಳು ಅವಳು. ಊರಿನ ಅರ್ಧ ಹೆಣ್ಣುಮಕ್ಕಳ ಜಂಪರು ಅವಳ ಕೈಯಲ್ಲೇ ಹೊಲಿಸಿಕೊಂಡದ್ದು. ಘೋಣಸಗಿ, ಬಿಜ್ಜರಗಿಯಿಂದಲೂ ಅರಿವೆ ತಂದುಕೊಡುವವರಿದ್ದರು. ಅಂಥವಳು ಈಗ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯ ದಿವಾನದ ಮೇಲೆ ಕೂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಇರುತ್ತಿದ್ದಳು. ನಾನು ಬೆಳಗ್ಗೆ ಬಬಲೇಶ್ವರದ ನನ್ನ ಔಷಧಿ ಅಂಗಡಿಗೆ ಹೋಗಿ ಸಂಜೆ ಮರಳುವಷ್ಟರಲ್ಲಿ ಮನೆಯ ಎಲ್ಲ ದಿಂಬುಗಳ ಗಲೀಫಿನ ಹೊಲಿಗೆಯಲ್ಲಿ ಏನೇನು ತಪ್ಪಿದೆ ಎಂದು ಅವಳು ಪತ್ತೆ ಮಾಡಿಟ್ಟಿರುತ್ತಿದ್ದಳು.

ಆ ದಿನಗಳಲ್ಲೇ ಮನೆಗೆ ಆ ಆಟ ಬಂದದ್ದು. ನನ್ನ ಮಗಳು ವಿಜಯಪುರದಲ್ಲಿ ಪಿಯುಸಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ಸೋದರಮಾವ ತಾನು ಹೊಸದು ಕೊಂಡ ಮೇಲೆ ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮಿನ ಪೆಟ್ಟಿಗೆಯನ್ನು ಇವಳಿಗೆ ಕೊಟ್ಟಿದ್ದ. ಅದರಲ್ಲಿ ಅವಳು ಹಾಕಿಕೊಂಡ ಮೊದಲ ಆಟವೇ ನಮ್ಮ ಕಾಲದ ಹೊಡೆದಾಟದ ಆಟ. ಅಂದರೆ ಅದೇ ಆಟವನ್ನು ಈಗಿನವರು ಹೊಸದಾಗಿ ಮಾಡಿ ಬಿಟ್ಟದ್ದು. ನಮ್ಮ ಕಾಲದಲ್ಲಿ ಅದು ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆಯೊಳಗೆ ಇರುತ್ತಿತ್ತು. ಕಾಯಿನ್ ಹಾಕಿ, ಹ್ಯಾಂಡಲ್ ತಿರುಗಿಸಿ, ಬಟನ್ ಕುಟ್ಟಬೇಕಿತ್ತು. ಚುಕ್ಕಿ ಚುಕ್ಕಿ ಸೇರಿಸಿ ಮಾಡಿದಂಥ ಆಳುಗಳು ಆಗ. ಈಗಿನ ಆಳುಗಳಿಗೆ ಮೈಯ ಮೇಲೆ ಬೆವರು ಕಾಣುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳು ಟಿವಿ ಮುಂದೆ ಕೂತು ಆಡುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ. ಅವ್ವ ದಿವಾನದಲ್ಲಿದ್ದಳು, ನಿದ್ದೆ ಮಾಡಿದ್ದಾಳೆ ಎಂದುಕೊಂಡಿದ್ದೆವು. ಟಿವಿಯಲ್ಲಿ ನೀಲಿ ಕೋಟಿನವನು ಮುಷ್ಟಿ ಬಿಗಿದು ನಿಂತ. ಆಗ ಅವ್ವ ಹೇಳಿದಳು:

“ಅಂತೂ ಇವನ ತೋಳು ಮಡಚಿ ಹೊಲಿಸ್ಯಾರಲ್ಲ. ಚಲೋ ಆತು.”

ಮಗಳು ಆಟ ನಿಲ್ಲಿಸಿ ಹೊರಳಿ ನೋಡಿದಳು. “ಆಯಿ, ಇವನು ನಿನಗ ಗೊತ್ತದಾನ?”

“ಗೊತ್ತಿಲ್ದ ಏನು? ಹರಕ ತೋಳಿನವ. ಭುಜದ ಹತ್ರ ಎಳಿ ಜೋತಾಡ್ತಿದ್ವು. ಎಷ್ಟು ವರ್ಷ ಹಂಗ ಇದ್ದ ಪಾಪ.”

ಮಗಳು ನನ್ನ ಮುಖ ನೋಡಿದಳು. ನಾನು ಪೇಪರು ಕೆಳಗಿಟ್ಟೆ. ಮೂವತ್ತು ವರ್ಷದ ಹಿಂದಿನ ಒಂದು ಮೋಟು ಸ್ಟೂಲು ಥಟ್ಟನೆ ಕಣ್ಣ ಮುಂದೆ ಬಂತು.

ನಾನು ಸಾಲಿಗೆ ಹೋಗುತ್ತಿದ್ದಾಗ ಅವ್ವ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಹೊಲಿಗೆ ಸಾಮಾನು ತರಲು ವಿಜಯಪುರಕ್ಕೆ ಹೋಗುತ್ತಿದ್ದಳು. ಆಗ ನಾವೆಲ್ಲ ಬಿಜಾಪುರ ಎನ್ನುತ್ತಿದ್ದೆವು, ಅವಳು ಈಗಲೂ ಅದನ್ನೇ ಅನ್ನುತ್ತಾಳೆ. ದಾರದ ರೀಲು, ಅಸ್ತರ, ಹುಕ್ಕು, ಗುಂಡಿ, ಇಷ್ಟಕ್ಕೆ ಮಾರ್ಕೆಟ್ಟಿನಲ್ಲಿ ಹತ್ತು ಅಂಗಡಿ ತಿರುಗುವ ಹೆಂಗಸು ಅವಳು. ನನ್ನನ್ನು ಜೊತೆಗೆ ಕರೆದೊಯ್ದರೆ ಅಂಗಡಿ ಅಂಗಡಿಯಲ್ಲೂ ಸೆರಗು ಜಗ್ಗಿ ಕಾಡುತ್ತಿದ್ದೆ. ಒಂದು ಸಲ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ವಿಡಿಯೋ ಗೇಮಿನ ಅಂಗಡಿಯೊಂದರ ಬಾಗಿಲಲ್ಲಿ ನಾನು ನೆಟ್ಟು ನಿಂತುಬಿಟ್ಟೆ. ಎಳೆದರೂ ಬರಲಿಲ್ಲ. ಒಳಗಿದ್ದ ಗಡ್ಡದ ಚಾಚಾ ನೋಡಿ, “ಬಿಡ್ ತಂಗಿ. ನಿನ್ನ ಸಂತಿ ಮಾಡ್ಕೊಂಡು ಬಾ. ಹುಡುಗ ಎಲ್ಲೂ ಹೋಗಾಂಗಿಲ್ಲ, ನಾ ನೋಡ್ತೀನಿ,” ಎಂದರು.

ಅಲ್ಲಿಂದ ಅದೇ ರೂಢಿಯಾಯಿತು. ಬಸ್ಸಿಳಿದು ನನ್ನನ್ನು ಚಾಚಾನ ಅಂಗಡಿಯಲ್ಲಿ ಬಿಟ್ಟು, ಎರಡು ಕಾಯಿನ್ ಕೊಡಿಸಿ, ಅವ್ವ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಬರುವಷ್ಟರಲ್ಲಿ ನಾನು ಎರಡನ್ನೂ ಕಳೆದುಕೊಂಡು ಬೇರೆಯವರ ಆಟ ನೋಡುತ್ತ ನಿಂತಿರುತ್ತಿದ್ದೆ. ಆಗ ಅವಳು ಇನ್ನೊಂದು ಕಾಯಿನ್ ಕೊಡಿಸಿ, “ಆಡು, ನಾ ಕುಂತಿರ್ತೀನಿ,” ಅನ್ನುತ್ತಿದ್ದಳು. ಚಾಚಾ ಒಳಗಿನಿಂದ ಮೋಟು ಸ್ಟೂಲು ತಂದು ಫ್ಯಾನಿನ ಕೆಳಗೆ ಇಡುತ್ತಿದ್ದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ನಮ್ಮ ಆಟ ನೋಡುತ್ತಿದ್ದಳು. ಆ ಅಂಗಡಿಗೆ ಬರುತ್ತಿದ್ದ ಹೆಂಗಸು ಅವಳೊಬ್ಬಳೇ. ಹುಡುಗರು ಮೊದಮೊದಲು ಮುಜುಗರಪಟ್ಟು ಬೈಗುಳ ನುಂಗಿಕೊಳ್ಳುತ್ತಿದ್ದರು. ಆಮೇಲೆ ಅವಳು ಅಲ್ಲಿ ಕೂತಿರುವುದು ಅವರಿಗೂ ರೂಢಿಯಾಯಿತು. “ಸ್ವಲ್ಪ ಸರೀರಪ್ಪಾ, ಆಕಿ ಕಾಣವಲ್ಲಳು,” ಎಂದು ಒಮ್ಮೊಮ್ಮೆ ಅವಳು ಹೇಳಿದರೆ ಬದಿಗೆ ಸರಿದು ಆಡುತ್ತಿದ್ದರು.

ರಂಜಾನ್ ಬಂದಾಗ ಚಾಚಾ ತಮ್ಮ ಸಣ್ಣ ಮಗಳ ಫ್ರಾಕಿಗೆ ಅರಿವೆ ಕೊಡುತ್ತಿದ್ದರು. ಅವ್ವ ಅದನ್ನು ಹೊಲಿದು ಹಬ್ಬದ ಮೊದಲು ಮುಟ್ಟಿಸುತ್ತಿದ್ದಳು. ಅಳತೆಗೆ ಆ ಹುಡುಗಿಯನ್ನು ಕರೆತಂದಾಗ ಗೇಮಿನ ಪೆಟ್ಟಿಗೆಗಳ ನಡುವೆಯೇ ನಿಲ್ಲಿಸಿ ಟೇಪು ಹಿಡಿಯುತ್ತಿದ್ದಳು.

ಆ ಆಟದಲ್ಲಿ ಅವ್ವನಿಗೆ ಯಾರು ಗೆದ್ದರು ಎಂಬುದರ ಮೇಲೆ ಲಕ್ಷ್ಯವಿರಲಿಲ್ಲ. ನೋಡುತ್ತಿದ್ದದ್ದು ಅರಿವೆ. ನೀಲಿ ಕೋಟಿನವನ ತೋಳು ಹರಿದದ್ದು ಅವಳಿಗೆ ದೊಡ್ಡ ಚಿಂತೆ. ಬಸ್ಸಿನಲ್ಲಿ ಮರಳುವಾಗಲೂ ಕೇಳುತ್ತಿದ್ದಳು: “ಅಷ್ಟು ದೇಶ ತಿರಗ್ಯಾಡಿ ಹೊಡದಾಡ್ತಾನ. ಅವನ ಮನ್ಯಾಗ ಹೊಲ್ಯಾವರು ಯಾರೂ ಇಲ್ಲೇನು?” ಅದು ಹಾಗೇ ಇರಬೇಕು, ಹರಿದಿದ್ದರೇನೇ ಅವನು ಗಟ್ಟಿಗ ಎಂದು ನಾನು ತಿಳಿಸಿ ಹೇಳಲು ನೋಡುತ್ತಿದ್ದೆ. ಅವಳಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ.

ಒಂದು ವರ್ಷ ಸಾಲಿಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ವೇಷ ಹಾಕುವ ಸ್ಪರ್ಧೆ ಇತ್ತು. ನನಗೆ ನೀಲಿ ಕೋಟಿನವನಾಗಬೇಕೆಂದು ಹಟ. ಅವ್ವ ಅರಿವೆ ತಂದು, ಕೊರಳಪಟ್ಟಿ, ಕೆಂಪು ಸೊಂಟದ ಪಟ್ಟಿ ಎಲ್ಲವನ್ನೂ ಕಂಡಂತೆಯೇ ಹೊಲಿದಳು. ಪರದೆಯಲ್ಲಿ ನಾನು ನೋಡಿರದ ಬೆನ್ನಿನ ಹೊಲಿಗೆಯೂ ಅದರಲ್ಲಿತ್ತು. ಆದರೆ ತೋಳಿನ ತುದಿಯನ್ನು ಮಾತ್ರ ಅಚ್ಚುಕಟ್ಟಾಗಿ ಮಡಚಿ ಹೊಲಿದುಬಿಟ್ಟಿದ್ದಳು. ನಾನು ಅದನ್ನು ನೋಡಿ ಅತ್ತೆ. ಹರಿದು ಕೊಡು ಎಂದೆ.

“ಒಲ್ಲೆ. ಹರಕ ಅಂಗಿ ತೊಟ್ಟು ನನ್ನ ಮಗ ಸ್ಟೇಜ್ ಹತ್ತಿದ್ರ ನಾಳಿಂದ ಯಾರ ನನ್ನ ಹಂತೇಕ ಹೊಲಸಾಕ ಬರ್ತಾರ?”

ಹಾಗೇ ಹತ್ತಿದೆ. ಗಾಳಿಯಲ್ಲಿ ಮೂರು ಸಲ ಕಾಲು ಬೀಸಿದೆ. ನನ್ನ ನೀಲಿ ಅಂಗಿ ನೋಡಿ ಮಾಸ್ತರು ಮೈಕಿನಲ್ಲಿ, “ಈಗ ತಮ್ಮ ಮುಂದೆ ಒಬ್ಬ ಗ್ಯಾರೇಜ್ ಮೆಕ್ಯಾನಿಕ್,” ಎಂದು ಸಾರಿದರು. ಸಮಾಧಾನಕರ ಬಹುಮಾನವಾಗಿ ಒಂದು ಸಾಬೂನಿನ ಡಬ್ಬಿ ಸಿಕ್ಕಿತು. ಬಹಳ ದಿನ ಅವ್ವ ಅದರಲ್ಲಿ ಗುಂಡಿ ಹಾಕಿಡುತ್ತಿದ್ದಳು.

ಇದನ್ನೆಲ್ಲ ಆ ಭಾನುವಾರ ನಾನೂ ಅವ್ವನೂ ಸೇರಿ ಮಗಳಿಗೆ ಹೇಳಿದೆವು. ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅವ್ವನ ಪಕ್ಕಕ್ಕೆ ಹೋಗಿ ಕೂತು, “ಬಾ ಬೇ ಆಯಿ, ಉಳದವರ ಬಟ್ಟಿನೂ ನೋಡೋಣ,” ಎಂದಳು.

ಅಲ್ಲಿಂದ ದಿನಾ ಸಂಜೆ ಮಗಳು ಕಾಲೇಜಿನಿಂದ ಬಂದು ಚಹಾ ಕುಡಿದ ಮೇಲೆ ಇಬ್ಬರೂ ಟಿವಿ ಮುಂದೆ ಕೂರತೊಡಗಿದರು. ಹೊಸ ಆಟದಲ್ಲಿ ಒಬ್ಬೊಬ್ಬರಿಗೂ ನಾಲ್ಕಾರು ಜೊತೆ ಅರಿವೆ, ಆರಿಸಿ ತೊಡಿಸಬಹುದು. ಅವ್ವನಿಗೆ ಪೊರೆ ತೆಗೆದ ಕಣ್ಣು ಹೊಸದು, ಕಪ್ಪು ಕನ್ನಡಕದೊಳಗಿನಿಂದಲೂ ಬಣ್ಣಗಳೆಲ್ಲ ತೊಳೆದಂತೆ ಕಾಣುತ್ತಿದ್ದವು. “ನೀಲಿ ಅಂದ್ರ ಇಷ್ಟು ನೀಲಿ ಇರ್ತದಂತ ಮರತೇ ಹೋಗಿತ್ತು,” ಅನ್ನುತ್ತಿದ್ದಳು. ಆದರೆ ಆಳುಗಳು ಒಂದೆಡೆ ನಿಲ್ಲಬೇಕಲ್ಲ. ಮಗಳು ಹೊಡೆಯುತ್ತಿರುವಾಗಲೇ ಇವಳು, “ನಿಲ್ಲಸು, ನಿಲ್ಲಸು, ಆ ನೆರಿಗಿ ಹೆಂಗ ಕೂಡಸ್ಯಾರ ನೋಡೂಣು,” ಎಂದುಬಿಡುತ್ತಿದ್ದಳು. ಮಗಳು ಬಟನ್ ಒತ್ತುವುದನ್ನು ಬಿಟ್ಟು ನಿಲ್ಲುತ್ತಿದ್ದಳು. ಎದುರಿನವನು ಹೊಡೆದು ಕೆಡವುತ್ತಿದ್ದ.

“ಆಯಿ, ನಿನ್ನಿಂದ ನಾ ಎಷ್ಟು ಸಲ ಸತ್ತೆ ಗೊತ್ತೈತೇನು?”

“ಸಾಯಲಿ ಬಿಡು, ಮತ್ತ ಎದ್ದು ನಿಂದರ್ತಾಳಲ್ಲ. ಆ ಕೊರಳ ಮಾತ್ರ ಮತ್ತ ಕಾಣಂಗಿಲ್ಲ.”

ಕೊನೆಗೆ ಮಗಳು ಆಟದೊಳಗೆ ಅಭ್ಯಾಸ ಮಾಡುವ ಖಾಲಿ ಅಖಾಡವೊಂದನ್ನು ಹುಡುಕಿದಳು. ಅಲ್ಲಿ ಎದುರಾಳಿ ಕೈಯೆತ್ತುವುದಿಲ್ಲ. ನಮ್ಮ ಆಳನ್ನು ನಿಲ್ಲಿಸಿ, ಸುತ್ತ ತಿರುಗಿಸಿ, ಹತ್ತಿರ ತಂದು ನೋಡಬಹುದು. ಅವ್ವನಿಗೆ ಅದು ಅರಿವೆ ಅಂಗಡಿಗೆ ಹೊಕ್ಕಷ್ಟೇ ಸಂಭ್ರಮ. ಉದ್ದ ಜಡೆಯ ಹೋರಾಟಗಾರ್ತಿಯೊಬ್ಬಳನ್ನು ಅವಳು ಬಹಳ ಹೊತ್ತು ತಿರುತಿರುಗಿಸಿ ನೋಡಿದಳು. ಮೈಗೆ ಅಂಟಿದಂಥ ಹಸಿರು ಜಾಕೀಟು, ಮೇಲೆ ಹಳದಿ ಅಂಚು.

“ಹಿಂದ ತಿರುವು. ಬಗಲಾಗ ತೋರಸು. ಮತ್ತ ಮುಂದ.” ಆಮೇಲೆ ಕೇಳಿದಳು: “ಇದಕ್ಕ ಹುಕ್ ಇಲ್ಲ, ಗುಂಡಿ ಇಲ್ಲ, ಚೈನ್ ಇಲ್ಲ. ತಲಿಯಿಂದ ಹಾಕೂಣಂದ್ರ ಕೊರಳ ಸಣ್ಣದು. ಮತ್ತ ಈಕಿ ಇದನ್ನ ತೊಟ್ಟಾಳ ಹೆಂಗ?”

ನಾವಿಬ್ಬರೂ ಎದ್ದು ಟಿವಿಯ ಹತ್ತಿರ ಹೋಗಿ ನೋಡಿದೆವು. ನಿಜ, ಎಲ್ಲೂ ತೆರೆಯುವ ಜಾಗವೇ ಇರಲಿಲ್ಲ.

“ಚಿತ್ರ ಮಾಡಿದವರು ಮರ್ತಿರಬೇಕು,” ಎಂದೆ.

“ಹೊಲದಿದ್ರ ಮರೀತಿರಲಿಲ್ಲ,” ಎಂದಳು ಅವ್ವ. “ತೊಡಾವರು ತೊಟ್ಟು ನೋಡಿ ಬೈತಿದ್ರು.”

ಹೀಗೆ ಒಂದು ವಾರ ಕಳೆದಿರಬಹುದು. ಒಂದು ಸಂಜೆ ನಾನು ಅಂಗಡಿಯಿಂದ ಬಂದಾಗ ಅವ್ವ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ಟಿವಿಯಲ್ಲಿ ಬೀದಿಯೊಂದರ ಹೊಡೆದಾಟ ನಡೆದಿತ್ತು. ಹಿಂದೆ ಬಣ್ಣಬಣ್ಣದ ದೀಪದ ಅಂಗಡಿಗಳು, ಮೊಬೈಲು ಎತ್ತಿ ಹಿಡಿದ ಜನ.

“ಏನಾತವ್ವ?” ಎಂದು ಕೇಳಿದೆ.

“ಆಕಿ ಇಲ್ಲ,” ಎಂದಳು.

“ಯಾರು?”

“ಆ ಸಂತಿ ಓಣ್ಯಾಗ ಎಡಗಡೆ ಒಬ್ಬಾಕಿ ಕುಂದರ್ತಿದ್ದಳಲ್ಲ, ಅರಿವಿ ಗಂಟಿನ ಬಾಜೂಕ. ಇಲ್ಲಿ ಹುಡುಕ್ತೇನಿ, ಎಲ್ಲೂ ಸಿಗವಲ್ಲಳು.”

ನನಗೆ ಅಂಥ ಯಾರೂ ನೆನಪಾಗಲಿಲ್ಲ. ಆ ಬೀದಿಯಲ್ಲಿ ನಾನು ಎಷ್ಟು ಸಲ ಆಡಿದ್ದೆನೋ ಲೆಕ್ಕವಿಲ್ಲ. ಆದರೆ ಹೊಡೆದಾಡುವ ಇಬ್ಬರನ್ನು ಬಿಟ್ಟು ಹಿಂದಿನದನ್ನು ಎಂದೂ ನೋಡಿರಲಿಲ್ಲ. ನೋಡಿದವನು ಸೋಲುತ್ತಾನೆ. ಅವ್ವ ತಪ್ಪು ತಿಳಿದಿರಬೇಕು, ಬೇರೆ ಯಾವುದೋ ಆಟ ಇರಬೇಕು ಎಂದೆ.

“ಬ್ಯಾರೆ ಅಲ್ಲ. ಇದೇ,” ಎಂದಳು.

ಮಗಳಿಗೆ ಒಂದು ವಿಷಯ ಹೊಳೆಯಿತು. ಹೊಸ ಆಟವನ್ನು ಮಾಡಿದವರು ಹಳೆಯದನ್ನೂ ಒಂದು ಮೂಲೆಯಲ್ಲಿ ಹಾಗೇ ಸೇರಿಸಿಟ್ಟಿದ್ದರು. ಹಳಬರು ಆಸೆಪಟ್ಟರೆ ಆಡಲಿ ಎಂದು ಇರಬೇಕು. ಅವಳು ಅದನ್ನು ತೆರೆದಳು. ಚಾಚಾನ ಅಂಗಡಿಯಲ್ಲಿ ಕೇಳುತ್ತಿದ್ದ ಅದೇ ಒಡಕು ಸಂಗೀತ ಪಡಸಾಲೆಯಲ್ಲಿ ಮೊಳಗಿತು. ಮಗಳು ಆ ಬೀದಿಯನ್ನು ಆರಿಸಿದಳು. ನೀಲಿ ಕೋಟಿನವನು ಕುಳ್ಳಗೆ, ಚೌಕ ಚೌಕವಾಗಿ ಬಂದು ನಿಂತ. ಅವ್ವ ಅವನತ್ತ ನೋಡಲೂ ಇಲ್ಲ. ದಿವಾನದಿಂದ ಎದ್ದು ಟಿವಿಯ ಎಡಗಡೆಯ ಮೂಲೆಗೆ ಬೆರಳಿಟ್ಟಳು.

“ನೋಡು. ಇಲ್ಲಿ ಕುಂತಾಳ.”

ಇದ್ದಳು. ಬೆರಳುಗಾತ್ರದ ಒಬ್ಬ ಹೆಂಗಸು. ಮುಖವೆಂದರೆ ಮೂರ್ನಾಲ್ಕು ಚುಕ್ಕಿ. ಪಕ್ಕದಲ್ಲಿ ಒಂದು ಗಂಟು, ತೊಡೆಯ ಮೇಲೆ ಏನೋ ಬಿಳಿಯದು. ಅವಳ ಬಲಗೈ ಮೇಲೇಳುತ್ತಿತ್ತು, ಕೆಳಗಿಳಿಯುತ್ತಿತ್ತು. ಅಷ್ಟೇ ಅವಳಿಗೆ ಕೊಟ್ಟಿದ್ದ ಕೆಲಸ. ಮುಂದೆ ಇಬ್ಬರು ಜೀವ ಹೋಗುವಂತೆ ಹೊಡೆದಾಡುತ್ತಿದ್ದರೂ ಅವಳ ಕೈ ಅದೇ ವೇಗದಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು.

“ಬೀಸಣಿಗಿಲೆ ಗಾಳಿ ಹಾಕ್ಕೊಳ್ಳಾಕತ್ತಾಳೇನು?” ಎಂದಳು ಮಗಳು.

“ಅಲ್ಲ. ಹೊಲ್ಯಾಕತ್ತಾಳ,” ಎಂದಳು ಅವ್ವ. “ಕೈ ಎತ್ತೂದು ನೋಡು. ಉದ್ದ ದಾರ ಹಾಕ್ಕೊಂಡಾಳ, ಅದಕ್ಕ ಅಷ್ಟು ಎತ್ತತಾಳ.”

ಅದು ಹೊಲಿಗೆಯೋ ಬೀಸಣಿಗೆಯೋ ಮಾಡಿದವರಿಗೇ ಗೊತ್ತು. ಮಗಳು ಕಂಟ್ರೋಲರು ಕೆಳಗಿಟ್ಟಳು. ನೀಲಿ ಕೋಟಿನವನು ಏಟು ತಿಂದು ಬಿದ್ದ, ರೌಂಡು ಮುಗಿಯಿತು, ಮತ್ತೆ ಶುರುವಾಯಿತು. ನಾವು ಮೂವರೂ ಆ ಹೆಂಗಸನ್ನೇ ನೋಡುತ್ತಿದ್ದೆವು.

ಆಗ ನಾನು ಅವ್ವನಿಗೆ ಹೇಳಿದೆ, “ಅಷ್ಟು ಬಿಸಲಾಗ ಮಾರ್ಕೆಟ್ ತಿರಗಿ ದಣದ ಬರ್ತಿದ್ದಿ. ನನಗ ಇನ್ನೊಂದು ಕಾಯಿನ್ ಕೊಡಸಿ, ನನ್ನ ಸಲುವಾಗಿ ಅಲ್ಲಿ ಕುಂಡ್ರತಿದ್ದಿ. ಭಾಳ ಸಲ ನೆನಸ್ತೀನಿ ಅವ್ವಾ.”

ಅವ್ವ ನನ್ನತ್ತ ತಿರುಗಿದಳು. ಕಪ್ಪು ಕನ್ನಡಕದ ಹಿಂದೆ ಅವಳ ಕಣ್ಣು ಕಾಣಲಿಲ್ಲ. ಆದರೆ ನಗುತ್ತಿದ್ದಾಳೆಂದು ಗೊತ್ತಾಯಿತು.

“ನಿನ್ನ ಸಲುವಾಗಿ ಅಂತ ಯಾರ ಹೇಳಿದ್ರು? ಮನ್ಯಾಗ ಆವಾಗ ಹನ್ನೊಂದು ಮಂದಿ. ಮುಂಜಾನಿ ಎದ್ದಾಗಿಂದ ಯವ್ವಾ, ವೈನಿ, ಅಕ್ಕಾ, ಎಲ್ಲಾರೂ ಏನಾರ ಒಂದು ಕೇಳಾವರ. ಹೊಲಿಗಿ ಕೊಡಾಕ ಬಂದಾವರೂ ಎದಿ ಮ್ಯಾಲ ಕುಂಡ್ರತಿದ್ರು. ಚಾಚಾನ ಅಂಗಡ್ಯಾಗ ಯಾರೂ ನನ್ನ ಏನೂ ಕೇಳತಿರಲಿಲ್ಲ. ಫ್ಯಾನ್ ಇತ್ತು. ಎದುರಿಗೆ ಈಕಿ ಒಬ್ಬಾಕಿ ಇದ್ದಳು. ಇನ್ನೊಂಚೂರು ಕುಂಡ್ರಬೇಕು ಅನಸ್ತಿತ್ತು. ನೀ ಆಟ ಮುಗಿಸಿದ್ರ ಏಳಬೇಕಾಕ್ಕಿತ್ತಲ್ಲ, ಅದಕ್ಕ ಇನ್ನೊಂದು ಕಾಯಿನ್.”

ಮಗಳು ಜೋರಾಗಿ ನಕ್ಕಳು. ನನಗೂ ನಗು ಬಂತು. ಆ ಮೂರನೆಯ ಕಾಯಿನ್ನನ್ನು ನಾನು ಅಷ್ಟು ವರ್ಷ ಅವ್ವನ ಪ್ರೀತಿ ಎಂದೇ ಜೋಪಾನ ಮಾಡಿಕೊಂಡು ಬಂದಿದ್ದೆ. ಅದು ನನಗಾಗಿ ಅಲ್ಲವೆಂದು ತಿಳಿದು ಬೇಸರವಾಗಬೇಕಿತ್ತು. ಆಗಲಿಲ್ಲ. ಬದಲಿಗೆ ನಾನು ಸೋಲುವುದರಲ್ಲಿ ಅಷ್ಟು ಆತುರ ಮಾಡಬಾರದಿತ್ತು, ಆ ಕಾಯಿನ್ನು ಇನ್ನೂ ಸ್ವಲ್ಪ ಹೊತ್ತು ನಡೆಯುವಂತೆ ಆಡಬೇಕಿತ್ತು ಎನ್ನಿಸಿತು.

ಡಾಕ್ಟರು ಕಪ್ಪು ಕನ್ನಡಕ ತೆಗೆಸಿ, ಮಷಿನ್ನಿಗೆ ಕೂರಲು ಅಪ್ಪಣೆ ಕೊಟ್ಟ ದಿನ ಅವ್ವ ಮನೆಗೆ ಬಂದವಳೇ ಚಾದರ ತೆಗೆದಳು. ಕಾದು ಕುಳಿತ ಜಂಪರುಗಳ ಗಂಟು ಪಕ್ಕದಲ್ಲೇ ಇತ್ತು. ಅವನ್ನು ಮುಟ್ಟಲಿಲ್ಲ. ಹಸಿರು ಅರಿವೆ ಬೇಕು, ಹಳದಿ ಅಂಚಿನ ಪಟ್ಟಿ ಬೇಕು ಎಂದು ಮಗಳಿಗೆ ಹೇಳಿ ಕಳಿಸಿ ವಿಜಯಪುರದಿಂದ ತರಿಸಿದಳು. ಮೂರು ದಿನದಲ್ಲಿ ಜಡೆಯ ಹೋರಾಟಗಾರ್ತಿಯ ಜಾಕೀಟು ಮಗಳ ಮೈಮೇಲಿತ್ತು. ಬಗಲಿನಲ್ಲಿ ಚೈನು. ಮತ್ತೆ ಎರಡು ಕಿಸೆ. ಆಟದಲ್ಲಿ ಕಿಸೆ ಇರಲಿಲ್ಲ.

“ಆಕಿ ಬಸ್ಸಿನ್ಯಾಗ ಅಡ್ಡಾಡಂಗಿಲ್ಲ,” ಎಂದಳು ಅವ್ವ. “ನೀ ಪಾಸ್ ಎಲ್ಲಿ ಇಟ್ಕೋತಿ?”

ಆ ಜಾಕೀಟು ತೊಟ್ಟು ಎಲ್ಲಿಗೆ ಹೋಗುವವಳು ಎಂದು ನಾವು ಕೇಳಿದ ಮೇಲೆ ಮಗಳು ಬಾಯಿಬಿಟ್ಟಳು. ವಿಜಯಪುರದಲ್ಲಿ ತೊರವಿ ಕಡೆಗೆ ಹೋಗುವ ರಸ್ತೆಯಲ್ಲಿ ಹುಡುಗರು ಕೂತು ಆಡುವ ಗೇಮಿನ ಕೆಫೆಯೊಂದು ಹೊಸದಾಗಿ ಆಗಿತ್ತು. ಅಲ್ಲಿ ಈ ಆಟದ ಸ್ಪರ್ಧೆ ಇಟ್ಟಿದ್ದರು. ಇವಳು ಆಗಲೇ ಹೆಸರು ಕೊಟ್ಟುಬಂದಿದ್ದಳು. ನನ್ನ ಹೆಂಡತಿ ಪರೀಕ್ಷೆಯ ಮಾತು ತೆಗೆದಳು. ಅವ್ವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಮುಂಜಾನೆಯ ಬಸ್ಸು ಎಷ್ಟಕ್ಕೆ ಎಂದು ಮಗಳನ್ನು ಕೇಳಿದಳು.

“ನೀನೂ ಬರ್ತಿ ಏನು ಆಯಿ?”

“ಮತ್ತ? ಅಂಗಿ ಎಲ್ಲರ ಉಸಲಿತು ಅಂದ್ರ ಯಾರ ಹಾಕ್ತಾರ ಹೊಲಿಗಿ?”

ಭಾನುವಾರ ಮುಂಜಾನೆಯಷ್ಟೇ ತೆರೆಯುವ ಅಂಗಡಿಗೆ ನಾನು ಅಂದು ಪೂರ್ತಿ ರಜೆ ಹಾಕಿದೆ. ಮೂವರೂ ಹೋದೆವು. ಕೆಫೆ ಎರಡನೆಯ ಮಹಡಿಯಲ್ಲಿತ್ತು. ಅವ್ವ ನಡುನಡುವೆ ನಿಂತು, ನಮ್ಮ ಕೈ ಹಿಡಿಯದೆ ಮೆಟ್ಟಿಲು ಹತ್ತಿದಳು. ಒಳಗೆ ಎಸಿ ಕೊರೆಯುತ್ತಿತ್ತು, ನೇರಳೆ ದೀಪ ಉರಿಯುತ್ತಿತ್ತು. ಸಿಂಹಾಸನದಂಥ ಕುರ್ಚಿಗಳು. ಇಪ್ಪತ್ತು ಮೂವತ್ತು ಹುಡುಗರು, ಮೂರು ನಾಲ್ಕು ಹುಡುಗಿಯರು. ಕೆಫೆ ನಡೆಸುವ ತರುಣ ಅವ್ವನನ್ನು ನೋಡಿ ಸ್ವಲ್ಪ ಗಲಿಬಿಲಿಗೊಂಡ. ಆಮೇಲೆ, “ಬರ್ರಿ ಅಜ್ಜಿ, ಇಲ್ಲಿ ಕುಂಡರ್ರಿ, ಇಲ್ಲಿ ಗಾಳಿ ಕಡಿಮಿ ಐತಿ,” ಎಂದು ಮುಂದಿನ ಸಾಲಿನಲ್ಲೇ ಜಾಗ ಮಾಡಿಕೊಟ್ಟ. ಅವ್ವ ಸೆರಗನ್ನು ತಲೆಯ ಮೇಲೆ ಹೊದ್ದು, ಕಾಲು ಮೇಲೆ ಮಡಚಿಕೊಂಡು ಆ ಕುರ್ಚಿಯಲ್ಲಿ ಕೂತಳು.

ಮಗಳು ಮೊದಲ ಸುತ್ತು ಗೆದ್ದಳು. ಎದುರಿಗಿದ್ದ ಹುಡುಗ, ಹುಡುಗಿಯಲ್ಲವೇ ಎಂದು ಸಡಿಲ ಬಿಟ್ಟಿದ್ದ, ಅದಕ್ಕೆ ತಕ್ಕ ಫಲ ಉಂಡ. ಎರಡನೆಯ ಸುತ್ತಿಗೆ ಬಂದವನು ಹುಡುಗನಲ್ಲ, ಮೂವತ್ತು ದಾಟಿದ, ದಪ್ಪ ಕೈಯ ಆಳು. ನನ್ನನ್ನು ನೋಡಿ ನಿಂತ.

“ಸರ, ನೀವು ಬಬಲೇಶ್ವರದ ಮೆಡಿಕಲ್‌ದಾವರಲ್ರಿ? ನಮ್ಮ ಅಪ್ಪಗ ಶುಗರಿನ ಗುಳಿಗಿ ನಿಮ್ಮ ಹಂತೇಕ ತಗೋತೀನ್ರಿ.”

ಅವನು ದ್ರಾಕ್ಷಿ ಸಾಗಿಸುವ ಗಾಡಿಯ ಡ್ರೈವರು ಎಂದು ಆಗ ನೆನಪಾಯಿತು. ನಮ್ಮ ಹುಡುಗಿಯೊಂದಿಗೆ ಆಡಬೇಕಾಗಿದೆ ಎಂದು ತಿಳಿದು ಅವನಿಗೆ ಸಂಕೋಚವಾಯಿತು. “ಹೆಂಗ ಮಾಡೂದ್ರಿ ಸರ?” ಎಂದು ನನ್ನನ್ನೇ ಕೇಳಿದ.

“ಆಡ್ರಿ ಮಾಮಾ. ಸಡಲ ಬಿಟ್ರ ನಾ ಒಪ್ಪಂಗಿಲ್ಲ,” ಎಂದಳು ಮಗಳು.

ಅವನು ಸಡಿಲ ಬಿಡಲಿಲ್ಲ. ಮೊದಲ ರೌಂಡು ಅವನದು, ಎರಡನೆಯದು ಇವಳದು. ಮೂರನೆಯದರಲ್ಲಿ ಇಬ್ಬರ ಜೀವವೂ ತುದಿಗೆ ಬಂದು ನಿಂತಿತು. ಹುಡುಗರೆಲ್ಲ ಕುರ್ಚಿ ಬಿಟ್ಟು ಬಂದು ಹಿಂದೆ ನಿಂತಿದ್ದರು. ನನ್ನ ಬೆರಳುಗಳು ತೊಡೆಯ ಮೇಲೆ ಇಲ್ಲದ ಬಟನ್ ಕುಟ್ಟುತ್ತಿದ್ದವು. ಮಗಳ ಜಡೆಯ ಹೋರಾಟಗಾರ್ತಿ ಮೇಲಕ್ಕೆ ಜಿಗಿದಳು. ಒಂದು ಕ್ಷಣ ಮೊದಲೇ ಜಿಗಿದಳು. ಡ್ರೈವರನ ಆಳು, ಬೋಳುತಲೆಯ ದಢಿಯ, ಕೆಳಗೆ ಕಾದು ನಿಂತಿದ್ದ, ಇಳಿಯುವಾಗ ಹಿಡಿದು ನೆಲಕ್ಕೆ ಬಡಿದ. ಮುಗಿಯಿತು.

ಹುಡುಗರು ಚಪ್ಪಾಳೆ ತಟ್ಟಿದರು. ಮಗಳು ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಡ್ರೈವರನ ಕೈ ಕುಲುಕಿ, ಬಂದು ಅವ್ವನ ಪಕ್ಕ ಕೂತಳು. ಅಳಲಿಲ್ಲ, ಆದರೆ ಕೆಳದುಟಿ ಕಚ್ಚಿಕೊಂಡಿದ್ದಳು. ಅವ್ವ ಅವಳ ಜಾಕೀಟಿನ ಭುಜ ನೇರ ಮಾಡಿದಳು. ಅಷ್ಟೇ.

ಡ್ರೈವರು ಹತ್ತಿರ ಬಂದು ನಿಂತ. “ತಂಗಿ ಭಾಳ ಚಲೋ ಆಡಿದ್ಳರಿ,” ಎಂದು ನನಗೆ ಹೇಳಿದ. ಆಮೇಲೆ ಮಗಳಿಗೆ, “ಈ ಜಾಕೀಟ ಆನ್‌ಲೈನ್ ತರಸಿದ್ದೇನು? ನಾನೂ ನನ್ನ ಆಳಿನ ವೇಷ ಹುಡುಕಾಕತ್ತೀನಿ, ನನ್ನ ಸೈಜಿಂದು ಎಲ್ಲೂ ಸಿಗವಲ್ದು,” ಎಂದ.

“ನಾ ಹೊಲ್ದೀನಿ,” ಎಂದಳು ಅವ್ವ. “ಯಾವನಂಥದು ಬೇಕು ನಿನಗ?”

ಅವನು ಬೋಳುತಲೆಯವನನ್ನು ತೋರಿಸಿದ. ಅವನ ಮೈಮೇಲೆ ಅಂಗಿಯೇ ಇರಲಿಲ್ಲ, ಸೊಂಟಕ್ಕೊಂದು ದಪ್ಪ ಪಟ್ಟಿ ಮಾತ್ರ. ಅವ್ವ ಪರದೆ ನೋಡಿದಳು, ಡ್ರೈವರನ್ನು ಮೇಲಿಂದ ಕೆಳತನಕ ನೋಡಿದಳು.

“ಇದಕ್ಕ ನಾ ಯಾಕ ಬೇಕೋ ತಮ್ಮಾ? ಅಂಗಿ ಬಿಚ್ಚಿದ್ರ ಆತು.”

ಎಲ್ಲರಿಗಿಂತ ಜೋರಾಗಿ ನಕ್ಕವನು ಡ್ರೈವರೇ. ಮಗಳ ತುಟಿಯೂ ಸಡಿಲವಾಯಿತು. ಅವನು ಮುಂದಿನ ಸುತ್ತಿನಲ್ಲಿ ತೊರವಿಯ ಹುಡುಗನೊಬ್ಬನಿಗೆ ಸೋತು, ನಮ್ಮೊಂದಿಗೇ ಕೆಳಗಿಳಿದು ಬಂದ. ನಾಲ್ವರೂ ಕೂಡಿ ರಸ್ತೆಬದಿಯ ಗಾಡಿಯಲ್ಲಿ ಬಿಸಿ ಮಿರ್ಚಿ ತಿಂದು ಚಹಾ ಕುಡಿದೆವು. ಬಿಡದೆ ನಮ್ಮನ್ನು ಬಸ್ಸಿನತನಕ ಕಳಿಸಿ ಹೋದ.

ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಒಂದು ಸೀಟಿನಲ್ಲಿ, ನಾನು ಅವರ ಹಿಂದೆ ಕೂತೆವು. ಸಂಜೆಯ ಬಿಸಿಲು ಎದುರಿನಿಂದ ಬರುತ್ತಿತ್ತು. ಊರು ಹಿಂದೆ ಬಿದ್ದು ಹೊಲಗಳು ಶುರುವಾದ ಮೇಲೆ ಅವ್ವ ಕೇಳಿದಳು:

“ಕಡೀಕ ಅದು ಏನಾತವ್ವ? ಯಾಕ ಸೋತಿ?”

ಮಗಳು ಮೊದಲು, “ಏನಿಲ್ಲ ಬಿಡು ಆಯಿ,” ಎಂದಳು. ಆಮೇಲೆ ಹೇಳತೊಡಗಿದಳು. ಬೋಳುತಲೆಯವನ ಕೈ ಎಷ್ಟು ಉದ್ದ ನಿಲುಕುತ್ತದೆ, ಅವನು ಹಿಡಿಯಲು ಬರುವ ಮೊದಲು ಯಾವ ಕಾಲು ಮುಂದಿಡುತ್ತಾನೆ, ಅದನ್ನು ಕಂಡರೂ ತಾನು ಯಾಕೆ ಕಾಯಲಿಲ್ಲ, ಎರಡನೆಯ ರೌಂಡಿನಲ್ಲಿ ಗೆದ್ದದ್ದು ಹೇಗೆ ತಲೆಗೇರಿತು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಹೇಳುವಾಗ ಎರಡೂ ಕೈ ಗಾಳಿಯಲ್ಲಿ ಆಡುತ್ತಿದ್ದವು. ಒಮ್ಮೆ ಮುಂದಿನ ಸೀಟಿನವನ ಟೋಪಿಗೆ ಕೈ ತಾಗಿ, ಅವನು ಹೊರಳಿ ನೋಡಿದ.

ಅವ್ವನಿಗೆ ಅದರಲ್ಲಿ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಹ್ಞೂಂ ಎನ್ನುತ್ತಿದ್ದಳು. ನಡುವೆ ಒಮ್ಮೆ, “ಮತ್ತ ಆವಾಗ ನೀ ಏನ್ ಮಾಡಬೇಕಿತ್ತು?” ಎಂದು ಕೇಳಿದಳು. ಮಗಳು ಅದನ್ನೂ ಹೇಳಿದಳು. ದ್ರಾಕ್ಷಿ ತೋಟಗಳು ಬಂದವು, ಕುರಿಹಿಂಡೊಂದು ರಸ್ತೆ ದಾಟುವತನಕ ಬಸ್ಸು ನಿಂತಿತು, ಮತ್ತೆ ಹೊರಟಿತು. ತಿಕೋಟಾದ ದೀಪಗಳು ಕಾಣುವವರೆಗೂ ಮಗಳ ಮಾತು ಮುಗಿದಿರಲಿಲ್ಲ. ಅವ್ವ ಕಿವಿಯನ್ನು ಅವಳತ್ತ ವಾಲಿಸಿಕೊಂಡು ಕೂತೇ ಇದ್ದಳು.